ಗ್ಲೆಂಡಾ ಮನೆಯ ಗಂಡಸು

ಭಾನುವಾರ ಬೆಳಗ್ಗೆ ಸೆಡ್ರಿಕ್‌ಗೆ ಅವನ ಹಳೇ ಮನೆಯ ಎದುರುಮನೆ ಮುದುಕಿ ಮೇವಿಸಮ್ಮ ಫೋನ್ ಮಾಡಿದಳು.

"ಗ್ಲೆಂಡಾ ಮನೇಲಿ ಒಬ್ಬ ಗಂಡಸು ಸೇರ್ಕೊಂಡಿದಾನೆ ಕಣೋ. ಚಳಿಗಾಲದಿಂದ ನೋಡ್ತಿದೀನಿ."

ಗ್ಲೆಂಡಾ ಅವನ ಬಿಟ್ಟ ಹೆಂಡತಿ. ಬೇರೆಯವರಾಗಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಸೆಡ್ರಿಕ್ ಮೇವಿಸಮ್ಮನಿಗೆ ಮನಸಾರೆ ಕೃತಜ್ಞನಾದ. ವಿಚ್ಛೇದನದ ದಿನ ನ್ಯಾಯಾಧೀಶರು ಮನೆ ಮಾರಾಟವನ್ನು ಮುಂದಕ್ಕೆ ಹಾಕಿದ್ದರು. ಮಗಳು ಹೆಟ್ಟಿಗೆ ಹದಿನೆಂಟು ತುಂಬುವವರೆಗೆ ತಾಯಿಮಗಳು ಅಲ್ಲೇ ಇರಬಹುದು. ಗ್ಲೆಂಡಾ ಬೇರೊಬ್ಬ ಗಂಡಸಿನ ಜತೆ ಆರು ತಿಂಗಳು ಅಲ್ಲಿ ಸಂಸಾರ ಹೂಡಿದರೆ ಮಾತ್ರ ಮೊದಲೇ ಮಾರಿ, ಬಂದ ಹಣ ಇಬ್ಬರೂ ಹಂಚಿಕೊಳ್ಳಬೇಕು. ಹೆಟ್ಟಿಗೆ ಇನ್ನೂ ಹನ್ನೊಂದು. ಸೆಡ್ರಿಕ್ ಇದ್ದದ್ದು ಗ್ರಿಮ್ಸ್‌ಬಿ ಬಂದರಿನ ಮೀನಂಗಡಿಯ ಮೇಲಿನ ಕೋಣೆಯಲ್ಲಿ. ಅವನ ದಿಂಬು ಕೂಡ ಮೀನಿನಂತೆ ನಾರುತ್ತಿತ್ತು.

ಹಳದಿ ಹೂವಿನ ಕಟ್ಟು ಹಿಡಿದು ಮೇವಿಸಮ್ಮನ ಮನೆಗೆ ಓಡಿದ. ಒಬ್ಬರ ಸಾಕ್ಷಿ ಸಾಲದೆಂದು ಮೇವಿಸಮ್ಮ ಪಕ್ಕದ ಮನೆಯ ನಾರ್ಮನ್ ಮುದುಕನನ್ನೂ ಕರೆಸಿದ್ದಳು. ಮೂವರೂ ಜಾಲರಿ ಪರದೆಯ ಹಿಂದೆ, ಇಲಿ ಬಿಲದ ಮುಂದೆ ಬೆಕ್ಕು ಕೂತಂತೆ ಕೂತರು. ಆಸಾಮಿ ಎತ್ತರದವನೆಂದು ಮೇವಿಸಮ್ಮ, ಕುಳ್ಳನೆಂದು ನಾರ್ಮನ್. ಒಬ್ಬಳಿಗೆ ಕಣ್ಣಿನ ಪೊರೆ, ಇನ್ನೊಬ್ಬನ ಕನ್ನಡಕ ಮನೆಯಲ್ಲಿ. ಕತ್ತಲಾಗುವ ಹೊತ್ತಿಗೆ, ಈ ಕಿಟಕಿಗೆ ಓರೆಯಾಗಿ ಕಾಣುವ ಹಿತ್ತಿಲ ಗೇಟಿನಿಂದ ನುಸುಳುತ್ತಾನೆ ಅನ್ನುವುದರಲ್ಲಿ ಮಾತ್ರ ಇಬ್ಬರೂ ಒಂದೇ.

'ನಾನು ಹೋದಾಗೆಲ್ಲ ಕಣ್ಣಿಗೆ ಬೀಳದೆ ಜಾರಿಕೊಂಡಿದ್ದಾನಲ್ಲ, ಭಾರೀ ಕಿಲಾಡಿ' ಅಂದುಕೊಂಡ ಸೆಡ್ರಿಕ್.

ಕೇಕು ಮುಗಿಯಿತು, ಮೂರು ಕೆಟಲ್ ಚಹಾ ಮುಗಿಯಿತು, ಮಳೆ ಹಿಡಿಯಿತು. ಕಳ್ಳ ಬರಲಿಲ್ಲ. ಬಂದದ್ದು ಗ್ಲೆಂಡಾಳ ಫೋನು. ಬಿಸಿನೀರಿನ ಬಾಯ್ಲರ್ ಮತ್ತೆ ಸೋರುತ್ತಿದೆಯಂತೆ, ಹೆಟ್ಟಿ ತಣ್ಣೀರಲ್ಲಿ ನಡುಗುತ್ತಿದ್ದಾಳಂತೆ. ಎದುರುಮನೆಯಲ್ಲೇ ಅಡಗಿ ಕೂತಿದ್ದೇನೆ ಅನ್ನುವುದು ಹೇಗೆ? ಕೆಮ್ಮಿನ ಔಷಧಿ ತರಬೇಕೆಂದು ಮುದುಕರಿಗೆ ಹೇಳಿ ಹೊರಬಿದ್ದ. ಬೀದಿ ಸುತ್ತಿ, ಕೋಟಿನ ಕಾಲರ್ ಎತ್ತಿಕೊಂಡು, ಯಾವತ್ತಿನಂತೆ ಹಿತ್ತಿಲಿಂದ ಒಳಗೆ ಹೋದ.

ಬಾಯ್ಲರ್ ಸರಿಹೋಯಿತು. ಹೆಟ್ಟಿ ಲೆಕ್ಕದ ಪುಸ್ತಕ ತಂದಳು. ಗ್ಲೆಂಡಾ ಕುರಿಮಾಂಸದ ಸಾರು ಬಡಿಸಿದಳು. ಹೊರಡುವಾಗ ಉಳಿದದ್ದನ್ನು ನೀಲಿ ಮುಚ್ಚಳದ ಡಬ್ಬಿಗೆ ತುಂಬಿಕೊಟ್ಟು, "ಮಂಗಳವಾರ ಬಂದಾಗ ಡಬ್ಬಿ ತಗೊಂಬಾ. ಹೋದ್ಸಲದ್ದೂ ಬಂದಿಲ್ಲ" ಅಂದಳು.

ಅವನು ಮತ್ತೆ ಎದುರುಮನೆ ಹೊಕ್ಕಾಗ ಮುದುಕರಿಬ್ಬರೂ ಲಾಟರಿ ಹೊಡೆದವರಂತೆ ಎದ್ದು ನಿಂತರು.

"ಎಲ್ಲೋ ಹೋಗಿದ್ದೆ? ಬಂದಿದ್ದ ಕಣೋ ಅವ್ನು!" ಅಂದಳು ಮೇವಿಸಮ್ಮ. "ಕಾಲರ್ ಎತ್ಕೊಂಡು ಹಿತ್ತಿಲಿಂದ ಹೋದ. ಹೋಗೋವಾಗ ಇವ್ಳು ಊಟ ಬೇರೆ ಕಟ್ಟಿ ಕೊಟ್ಳು."

"ನೀಲಿ ಮುಚ್ಚಳದ ಡಬ್ಬಿ," ನಾರ್ಮನ್ ದನಿಗೂಡಿಸಿದ. "ಕೋರ್ಟಲ್ಲಿ ಆಣೆ ಇಟ್ಟು ಹೇಳ್ತೀನಿ."

ಮೇವಿಸಮ್ಮನ ಕಣ್ಣು ಸೆಡ್ರಿಕ್‌ನ ಕೈಯತ್ತ ಇಳಿಯಿತು.

"ವಾರಕ್ಕೆ ನಾಲ್ಕು ದಿನ ಬರ್ತಾನಲ್ಲೋ ಅವ್ನು," ಅಂದಳು ಮೆಲ್ಲಗೆ.

"ಐದು," ಅಂದ ಸೆಡ್ರಿಕ್. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ಹಂಗಾದ್ರೆ ಜಡ್ಜ್ ಹತ್ರ ಏನಂತ ಹೇಳೋದು?" ನಾರ್ಮನ್ ಕೇಳಿದ.

"ಬೇರೆ ಗಂಡ್ಸು ಅಂತ ಬರ್ದಿದಾರೆ," ಅಂದ ಸೆಡ್ರಿಕ್, ಬಿಸಿ ಡಬ್ಬಿಯನ್ನು ಎದೆಗವಚಿಕೊಂಡು. "ನನ್ನನ್ನ ಬೇರೆ ಅಂತ ಅವ್ರು ಒಪ್ಪಲ್ಲ."