ಅತ್ತೆಯ ಅಮೇರಿಕದ ನೆಂಟರಿಗೆ ಒಂದು ಎಡೆ

ನಮ್ಮ ಅತ್ತೆಗೆ ಅಮೇರಿಕದಲ್ಲಿ ಬೇಕಾದಷ್ಟು ನೆಂಟರಿದ್ದರು. ಈ ಕಾಲದಲ್ಲಿ ಅಮೇರಿಕದಲ್ಲಿ ನೆಂಟರಿಲ್ಲದವರು ಯಾರು ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಅತ್ತೆಯ ನೆಂಟರಲ್ಲಿ ಒಬ್ಬರೂ ಬದುಕಿರಲಿಲ್ಲ! ಎಲ್ಲರೂ ಹೆಂಗಸರು, ಎಲ್ಲರೂ ಅತ್ತೆ ಹುಟ್ಟುವ ಮೊದಲೇ ತೀರಿಕೊಂಡವರು. ಗುಬ್ಬಿ ಎನ್ನುವ ಊರೊಂದಿದೆ ಎಂದೂ ಅವರಿಗೆ ಗೊತ್ತಿದ್ದಿರಲಾರದು. ಈಗ ಅತ್ತೆಯೂ ಇಲ್ಲ. ನಗಿಸುತ್ತಾ ಹೇಳಬೇಕೆಂದು ಕೂತಿದ್ದೇನೆ, ಎಷ್ಟು ದೂರ ಆಗುತ್ತದೋ ನೋಡೋಣ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗುಬ್ಬಿಯ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ರಿಟೈರಾದವರು. ಮದುವೆ ಬೇಡ ಎಂದವರು ಕೊನೆಯವರೆಗೂ ಬೇಡವೆಂದೇ ಇದ್ದುಬಿಟ್ಟರು. ತುಮಕೂರಿನ ಬಸ್ ಸ್ಟ್ಯಾಂಡ್ ಹತ್ತಿರ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಅವರಿಗೊಂದು ರಟ್ಟು ಹರಿದ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅಮೇರಿಕದ ಯಾವುದೋ ಮೂಲೆಯ ಸಣ್ಣ ಸಣ್ಣ ಊರುಗಳಲ್ಲಿ ದೊಡ್ಡ ಕೆಲಸ ಮಾಡಿದ ಹೆಂಗಸರ ಚರಿತ್ರೆ ಅದು. ಕುದುರೆ ಮೇಲೆ ಪುಸ್ತಕ ಹೇರಿಕೊಂಡು ಬೆಟ್ಟದ ಹಳ್ಳಿಗಳಿಗೆ ಹಂಚಿದವಳು, ಹಿಮದಲ್ಲಿ ಗಾಡಿ ಕಟ್ಟಿಕೊಂಡು ಹೆರಿಗೆ ಮಾಡಿಸಲು ಹೋಗುತ್ತಿದ್ದ ಡಾಕ್ಟರು, ಹೆಂಗಸರಿಗೂ ಓಟು ಬೇಕೆಂದು ತಾನೇ ಪೇಪರ್ ಅಚ್ಚುಹಾಕಿ ಹಂಚಿದವಳು. ಆ ಉದ್ದುದ್ದ ಹೆಸರುಗಳು ಅತ್ತೆಯ ನಾಲಿಗೆಗೆ ಒಗ್ಗಲಿಲ್ಲ. ಕುದುರೆಯಮ್ಮ, ಡಾಕ್ಟ್ರಮ್ಮ, ಪೇಪರಮ್ಮ ಎಂದು ನಾಮಕರಣ ಮಾಡಿಬಿಟ್ಟರು!

ಸಂತೆ ದಿನ ಅತ್ತೆ ಕಾಯಿ ಮಾರುವ ಹೆಂಗಸಿನ ಪಕ್ಕ ಗೋಣಿಚೀಲದ ಮೇಲೆ ಕೂತು ಕಥೆ ಶುರುಮಾಡುತ್ತಿದ್ದರು.

"ಪಾಪ, ಆ ಡಾಕ್ಟ್ರಮ್ಮ ಮಂಡಿಯುದ್ದ ಹಿಮದಲ್ಲಿ ಹೋಗಿ ತಾಯೀನೂ ಮಗೂನೂ ಉಳಿಸಿದ್ಲು ಕಣಮ್ಮ."

"ಯಾವೂರೋರು ಟೀಚರಮ್ಮ? ತಿಪಟೂರು ಕಡೆಯೋರಾ?"

"ಅದಕ್ಕಿಂತ ಸ್ವಲ್ಪ ಆಚೆ."

"ಅರಸೀಕೆರೆನಾ?"

"ಆ ಕಡೇನೇ ಅಂತಿಟ್ಕೋ."

ಭೂಗೋಳದ ಮೇಷ್ಟರು ಯಾರಾದರೂ ಕೇಳಿಸಿಕೊಂಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು!

ಹೀಗೆ ಕಥೆ ಕೇಳುತ್ತಾ ಕೂತ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಆಮೇಲೆ ಹೋಗಲು ಒಂದು ಮರೆ ಬೇಕಲ್ಲ, ಸಂತೆಯಲ್ಲಿ ಅದೆಲ್ಲಿತ್ತು? ಅದು ಗೊತ್ತಾದ ದಿನ ಅತ್ತೆಗೆ ಊಟ ಸೇರಲಿಲ್ಲ. ಮಾರನೆಯ ದಿನದಿಂದ ಪಟ್ಟಣ ಪಂಚಾಯಿತಿ ಆಫೀಸಿನ ಮೆಟ್ಟಿಲು ಹತ್ತತೊಡಗಿದರು. ಸಾಹೇಬರ ಮುಂದೆ ಕುದುರೆಯಮ್ಮ, ಡಾಕ್ಟ್ರಮ್ಮ ಎಲ್ಲರನ್ನೂ ಸಾಕ್ಷಿಗೆ ಕರೆದರು. ಸಾಹೇಬರು ಪಾಪ, ಕೈಮುಗಿದೇಬಿಟ್ಟರು.

"ಮೇಡಂ, ಅಮೇರಿಕಾ ವಿಷ್ಯ ಅಮೇರಿಕಾದಲ್ಲೇ ಕೇಳಿ."

"ಅಲ್ಲೀದೆಲ್ಲ ಆಗೋಯ್ತು ಕಣಪ್ಪ. ನಾನು ಗುಬ್ಬೀದು ಕೇಳ್ತಿದೀನಿ!"

ಅಂತೂ ಸಂತೆ ಮೈದಾನದ ಮೂಲೆಯಲ್ಲಿ ಹೆಂಗಸರಿಗೊಂದು ಶೌಚಾಲಯ ಎದ್ದಿತು. ಉದ್ಘಾಟನೆಯ ಕಲ್ಲಿನ ತುಂಬ ಗಂಡಸರ ಹೆಸರು. ಅತ್ತೆ ಆ ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಚೊಂಬು ನೀರು ತಂದು ಕಾಯಿ ಮಾರುವ ಹೆಂಗಸಿನ ಕೈಗೆ ಕೊಟ್ಟು, "ಕುಡಿ, ಹೊಟ್ಟೆ ತುಂಬ ಕುಡಿ" ಎಂದರು.

ಇಷ್ಟಕ್ಕೇ ನಿಂತಿದ್ದರೆ ನಾವೂ ಸುಮ್ಮನಿರುತ್ತಿದ್ದೆವೇನೋ. ಮಹಾಲಯ ಅಮಾವಾಸ್ಯೆಗೆ ಹೆಬ್ಬೂರಿನ ನಮ್ಮ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಅಜ್ಜನ ಎಲೆಗೆ ಕಜ್ಜಾಯ, ಮುದ್ದೆ, ಬಸ್ಸಾರಿನ ಜೊತೆಗೆ ಒಂದು ಕಟ್ಟು ಬೀಡಿ. ಅಜ್ಜಿಗೆ ಎಲೆ ಅಡಿಕೆ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು, ಬಂದವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಒಂದು ವರ್ಷ ಅತ್ತೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದರು. ಬ್ರೆಡ್ಡು, ಬೆಣ್ಣೆ, ಬೇಯಿಸಿದ ಆಲೂಗಡ್ಡೆ!

ಅಪ್ಪ ಹೌಹಾರಿದರು. "ಇದ್ಯಾರಿಗಕ್ಕ?"

"ನನ್ನ ಅಮೇರಿಕಾದೋರಿಗೆ. ಅವ್ರು ಖಾರ ತಡಿಯಲ್ಲ."

"ನಿಂಗೆ ತಲೆ ಗಿಲೆ ಕೆಟ್ಟೈತಾ? ಎಡೆ ಅಂದ್ರೇನು ಅಂತಾನೇ ಗೊತ್ತಿಲ್ಲ ಆ ಜನಕ್ಕೆ!"

"ಹಸಿವು ಅಂದ್ರೆ ಗೊತ್ತಿಲ್ವೇನ್ಲಾ? ಮದುವೆ ಮಕ್ಕಳು ಏನೂ ಇಲ್ದೋರು. ಊರಿಗೇ ದುಡಿದು ಸತ್ತೋರು. ಇಂಥೋರಿಗೆ ಎಡೆ ಇಡೋರು ಯಾರ್ಲಾ?"

"ಊರಿಗೆ ದುಡಿದ್ರೆ ಊರೇ ಇಡ್ತೈತೆ ಬುಡು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ಎಲೆಯ ತುದಿ ಸರಿಮಾಡುತ್ತಾ ಕೂತರು. ಆಮೇಲೆ ಎಡೆಯನ್ನು ಮಾಳಿಗೆ ಮೇಲಿಟ್ಟಾಗ ಕಾಗೆಗಳು ಅಜ್ಜನ ಕಜ್ಜಾಯ ಬಿಟ್ಟು ಬ್ರೆಡ್ಡಿಗೇ ಮುತ್ತಿಕೊಂಡವು! "ನೋಡ್ದೇನೇ, ಎಷ್ಟು ವರ್ಷದ ಹಸಿವೋ ಏನೋ" ಎಂದು ಅತ್ತೆ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ಅವರ ಕಣ್ಣು ತುಂಬಿತ್ತು.  ಮಕ್ಕಳಿಲ್ಲದವರಿಗೆ ಎಡೆ ಇಡೋರು ಯಾರು ಎಂದು ಅವರು ಕೇಳಿದ್ದು ಅಮೇರಿಕದವರಿಗಾಗಿ ಮಾತ್ರವೇ?

ಈ ಬೇಸಿಗೆಯಲ್ಲಿ ಜ್ವರವೆಂದು ತುಮಕೂರಿನ ಆಸ್ಪತ್ರೆ ಸೇರಿದ ಅತ್ತೆ ಮನೆಗೆ ಬರಲಿಲ್ಲ. "ಏನಾದ್ರೂ ಬೇಕಾ ಅತ್ತೆ?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ. "ಈ ಸಲ ಅವರಿಗೆ ಬ್ರೆಡ್ಡು ಮರೀಬೇಡ ಕಣೇ" ಎಂದರು. ತನಗೆ ಅಂತ ಏನೂ ಕೇಳಲಿಲ್ಲ. ಹಠಮಾರಿ! ಕೇಳಬಾರದಿತ್ತೇ?

ಅಮಾವಾಸ್ಯೆ ಬಂತು. ಅಪ್ಪ ಅತ್ತೆಗೆಂದು ಮೂರನೆಯ ಎಲೆ ಹಾಸಲು ಹೋದರೆ ದೊಡ್ಡಪ್ಪ ಕೈ ಅಡ್ಡ ಹಿಡಿದರು. "ಮದುವೆಯಾಗದ ಹೆಣ್ಣಿಗೆ ಎಡೆ ಇಡೋ ಪದ್ಧತಿ ನಮ್ಮಲ್ಲಿಲ್ಲ ಕಣೋ." ಅಪ್ಪ ಎದುರು ಮಾತಾಡುವವರಲ್ಲ. ಅಜ್ಜ ಅಜ್ಜಿಗೆ ಕೈಮುಗಿದು ಎದ್ದರು. ಊಟಕ್ಕೆ ಕೂತವರು ಅರ್ಧಕ್ಕೇ ಕೈತೊಳೆದರು. ಹಾಸದೆ ಉಳಿದ ಆ ಎಲೆಯನ್ನೇ ಸುತ್ತಿಕೊಂಡು, ಕ್ಯಾರಿಯರ್ ತುಂಬಿಸಿಕೊಂಡು, "ನಡಿಯವ್ವ, ಗುಬ್ಬಿಗೆ ಹೋಗ್ಬರಾನ" ಎಂದರು. ದಾರಿಯಲ್ಲಿ ನಾನು ಒಂದು ಬ್ರೆಡ್ ಕೊಂಡೆ.

ಅತ್ತೆಯ ಮನೆಗೆ ಬೀಗ. ಆದರೆ ಜಗಲಿಯ ಮೇಲೆ ಆಗಲೇ ಒಂದು ಎಲೆ ಹಾಸಿತ್ತು! ಮುದ್ದೆ, ಸಾರು, ಒಡೆದ ಕಾಯಿ, ಪಕ್ಕದಲ್ಲಿ ಚೊಂಬಿನ ತುಂಬ ನೀರು. ಕಾಯಿ ಮಾರುವ ಹೆಂಗಸೂ ಸಂತೆಯ ಇನ್ನಷ್ಟು ಹೆಂಗಸರೂ ಸೆರಗು ಹೊದ್ದು ನಿಂತಿದ್ದರು. ದೊಡ್ಡ ಎಲೆಯ ಪಕ್ಕ ಒಂದು ಪುಟ್ಟ ಎಲೆ, ಅದರಲ್ಲಿ ಎರಡು ತುಂಡು ಬ್ರೆಡ್ಡು.

"ಇದು ಯಾರಿಗಮ್ಮ?" ಅಪ್ಪ ಬಾಗಿ ನೋಡಿ ಕೇಳಿದರು.

"ಆ ಅರಸೀಕೆರೆ ಕಡೆ ನೆಂಟ್ರಿಗೆ ಸಾಮಿ. ಖಾರ ತಡಿಯಲ್ಲ ಅಂತ ಟೀಚರಮ್ಮನೇ ಹೇಳೋರು. ಅವ್ರನ್ನ ಬುಟ್ಟು ಟೀಚರಮ್ಮ ಒಬ್ರೇ ಉಣ್ತಾರಾ?"

ಅಪ್ಪ ಜಗಲಿ ಹತ್ತಿದರು. ತಂದಿದ್ದ ಎಲೆ ಹಾಸಿ, ಅಕ್ಕನಿಗೆ ಇಷ್ಟವಾದ ಕಜ್ಜಾಯ ಇಟ್ಟರು. ನಾನು ಬ್ರೆಡ್ಡಿಟ್ಟೆ. ಜಗಲಿಗೆ ಬಾಗಿಲಿಲ್ಲವಲ್ಲ, ಹಾಕಿಕೊಳ್ಳುವುದು ಏನನ್ನು? "ಎಲ್ರೂ ಆ ಕಡೆ ತಿರುಗ್ಕೊಳ್ಳಿ, ಉಣ್ಣೋರ್ನ ನೋಡಬಾರ್ದು" ಎಂದಳು ಕಾಯಿ ಮಾರುವವಳು. ಎಲೆಗಳಿಗೆ ಬೆನ್ನುಮಾಡಿ ಎಲ್ಲರೂ ಬೀದಿ ನೋಡುತ್ತಾ ನಿಂತೆವು. ತಿಪಟೂರಿನ ಬಸ್ಸೊಂದು ಹೋಯಿತು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹಿಂದೆ ತಿರುಗದೆಯೇ ಹೇಳಿದರು:

"ನಿಧಾನಕ್ಕೆ ಉಣ್ಣಕ್ಕ. ನಾವಿಲ್ಲೇ ಇದೀವಿ."