ಒಂದೇ ಒಂದು ವಾಕ್ಯ

ನಲವತ್ತೆಂಟು ವರ್ಷ ಬಾಯಿ ತೆರೆದದ್ದರಿಂದಲೇ ಕಷ್ಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತ ಬಂದಿದ್ದ ರೇಡಿಯೋ, ಆ ಸೋಮವಾರ ಮಾತ್ರ ಬಾಯಿ ಮುಚ್ಚಿಕೊಂಡದ್ದರಿಂದ ಸಿಕ್ಕಿಹಾಕಿಕೊಂಡ.

ರೇಡಿಯೋ ಕ್ಷೌರಿಕ. ಅವನ ನಿಜವಾದ ಹೆಸರು ಹೆಂಡತಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಗಿರಾಕಿಯ ಕತ್ತಿಗೆ ಬಿಳಿ ಬಟ್ಟೆ ಕಟ್ಟಿದ ಕೂಡಲೇ ಶುರುವಾದ ಕಾರ್ಯಕ್ರಮ, ಬಟ್ಟೆ ಕೊಡವುವ ತನಕ ನಿಲ್ಲುತ್ತಿರಲಿಲ್ಲ. ಈಚೆಗೆ ಎದುರುಗಡೆ ಹೊಸ ಸಲೂನ್ ಬಂದಿತ್ತು. ಅಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೂರೇ ತಿಂಗಳಲ್ಲಿ ರೇಡಿಯೋ ಖಾಲಿ ಕುರ್ಚಿಗೆ ಸುದ್ದಿ ಹೇಳುವ ಹಾಗಾಯಿತು. ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಮೆದುಳು ವಿಭಾಗಕ್ಕೆ ತಲೆ ಬೋಳಿಸಲು ಖಾಯಂ ಕ್ಷೌರಿಕ ಬೇಕೆಂದು ತಿಳಿಯಿತು. ಆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಅಂಗಡಿಗೆ ಬೀಗ ಜಡಿಯುವುದೊಂದೇ ದಾರಿ.

“ಹಿಂದಿದ್ದವನಿಗೆ ನಾಲಿಗೆ ಉದ್ದ,” ಎಂದರು ವಾರ್ಡಿನ ದೊಡ್ಡ ಸಿಸ್ಟರ್. “ತಲೆ ಬೋಳಿಸ್ತಾ ಬೋಳಿಸ್ತಾ ಸತ್ತವರ ಕತೆ ಹೇಳ್ತಿದ್ದ. ಇಬ್ಬರು ಪೇಷಂಟು ಅರ್ಧ ತಲೇಲೇ ಓಡಿಹೋದ್ರು. ಇವತ್ತೊಂದು ದಿನ ನಿಮ್ಮನ್ನ ನೋಡ್ತೀನಿ. ನನ್ನೆದುರು ತುಟಿ ಬಿಚ್ಚಿದ್ರೋ, ಸೀದಾ ಮನೆಗೆ!”

ರೇಡಿಯೋ ತುಟಿ ಬಿಗಿಹಿಡಿದು ತಲೆಯಾಡಿಸಿದ.

ಮೊದಲ ತಲೆ ಒಬ್ಬ ನಿವೃತ್ತ ಭೂಗೋಳ ಮೇಷ್ಟರದು. ಮೆದುಳಿನಲ್ಲಿ ನಿಂಬೆಕಾಯಿ ಗಾತ್ರದ ಗೆಡ್ಡೆ. ಬಲಗೈ ಸೋತಿತ್ತು, ಮಾತು ದಾರಿ ತಪ್ಪುತ್ತಿತ್ತು. “ನನ್ನ ಕಿಟಕಿ ಎಲ್ಲಿಟ್ರಿ?” ಎಂದು ತಡಕಾಡುತ್ತಿದ್ದರು. ಬೇಕಾಗಿದ್ದದ್ದು ಕನ್ನಡಕ. ತಪ್ಪು ಹೇಳಿದ್ದು ಗೊತ್ತಾಗಿ ಸುಮ್ಮನೆ ಗೋಡೆಯ ಕಡೆ ಹೊರಳುತ್ತಿದ್ದರು. ನಲವತ್ತು ವರ್ಷ ಪಾಠ ಹೇಳಿದ ಬಾಯಿ ಹೀಗಾಗಿತ್ತು.

“ಅರ್ಧ ತಲೆ ಬೋಳಿಸಿ,” ಎಂದು ಹೇಳಿ ಸಿಸ್ಟರ್ ಬಾಗಿಲಲ್ಲಿ ನಿಂತರು.

ಯಾವ ಅರ್ಧ? ಕೇಳುವಂತಿಲ್ಲ. ರೇಡಿಯೋ ಬಾಚಣಿಗೆ ಹಿಡಿದು ಆ ಕಡೆ ಈ ಕಡೆ ತೋರಿಸಿದ, ಹುಬ್ಬು ಕುಣಿಸಿದ. ಸಿಸ್ಟರ್ ಅದನ್ನು ವಿನಯವೆಂದು ತಿಳಿದು ಮೆಚ್ಚಿ ಹೊರಟುಹೋದರು. ಪಕ್ಕದ ಹಾಸಿಗೆಯಲ್ಲಿದ್ದ ಗುಮಾಸ್ತರೊಬ್ಬರು ಎದ್ದು ಕೂತರು.

“ಏನ್ರೀ ಯೋಚನೆ? ಕೈ ಬಿದ್ದಿರೋದು ಬಲಗಡೆ. ಅಂದ್ಮೇಲೆ ಕಾಯಿಲೇನೂ ಬಲಗಡೆ. ಇಷ್ಟಕ್ಕೆ ಡಾಕ್ಟರ್ ಓದಬೇಕೇ?”

ಮಾತು ಸರಿಯೆನಿಸಿತು. ಹತ್ತು ನಿಮಿಷದಲ್ಲಿ ಮೇಷ್ಟರ ಬಲಭಾಗದ ಬೆಳ್ಳಿಗೂದಲು ನೆಲಕ್ಕೆ ಬಿತ್ತು. ಆಪರೇಷನ್ ಮಾಡುವ ಡಾಕ್ಟರಮ್ಮ ಒಳಗೆ ಬಂದವರೇ ಹಣೆ ಹಣೆ ಚಚ್ಚಿಕೊಂಡರು.

“ಅಯ್ಯೋ, ಗೆಡ್ಡೆ ಇರೋದು ಎಡಗಡೆ ಕಣ್ರೀ! ಮೆದುಳಿನ ನರಗಳು ಕತ್ತಿನ ಮೇಲುಗಡೆ ಒಂದನ್ನೊಂದು ದಾಟಿ ಹೋಗ್ತವೆ. ಬಲಗೈ ಆಡಿಸೋದು ಎಡ ಮೆದುಳು. ಮಾತೂ ಸಾಮಾನ್ಯವಾಗಿ ಅಲ್ಲೇ.”

ರೇಡಿಯೋ ತನ್ನ ಬಲಗೈಯನ್ನು ಹೊಸದಾಗಿ ಕಂಡಂತೆ ನೋಡಿದ. ಇಪ್ಪತ್ತೈದು ವರ್ಷ ಸಾವಿರಾರು ತಲೆ ತಟ್ಟಿ ಮಾಲೀಸು ಮಾಡಿದ್ದ. ಒಳಗಿನ ಈ ವ್ಯವಹಾರವನ್ನು ಒಬ್ಬನೂ ಹೇಳಿರಲಿಲ್ಲ. ಸಿಸ್ಟರ್ ಹತ್ತಿರದಲ್ಲಿಲ್ಲ. ಕಟ್ಟೆ ಒಡೆಯಿತು.

“ಹಂಗಾದ್ರೆ ಮೇಡಂ, ಇಷ್ಟು ವರ್ಷ ಈ ಕೈಗೆ ಕತ್ತರಿ ಆಡಿಸು ಅಂತಿದ್ದೋನು ಆ ಕಡೆಯೋನಾ? ನಾನು ಎಡಕ್ಕೆ ಒರಗಿ ಮಲಗಿದ್ರೆ ಅವನಿಗೆ ಭಾರ ಆಗಲ್ವಾ? ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ್ರೆ ಒಳಗೆ ಜಗಳ ಬರಲ್ವಾ?”

“ಇವನ ಬಾಯಿಗೆ… ಬಾಗಿಲೇ ಇಲ್ಲ!” ಎಂದು ಮೇಷ್ಟರು ನಕ್ಕುಬಿಟ್ಟರು.

ಡಾಕ್ಟರಮ್ಮ ತಿರುಗಿ ನೋಡಿದರು. “ಹದಿನೈದು ದಿನದಲ್ಲಿ ಇವರು ಆಡಿದ ಮೊದಲ ಸರಿಯಾದ ವಾಕ್ಯ ಇದು. ನೋಡಿ, ಆಪರೇಷನ್ ಮಾಡುವಾಗ ಇವರು ಎಚ್ಚರವಾಗಿರಬೇಕು, ಮಾತಾಡ್ತಾನೇ ಇರಬೇಕು. ಮಾತು ತಡವರಿಸಿದ್ರೆ ಆ ಜಾಗ ಮುಟ್ಟಬಾರದು ಅಂತ ನನಗೆ ಗೊತ್ತಾಗುತ್ತೆ. ನೀವು ಒಳಗೆ ಬನ್ನಿ. ಇವರನ್ನ ಮಾತಾಡಿಸ್ತಾ ಇರಿ, ಅಷ್ಟೇ.”

“ಎಚ್ಚರವಾಗಿದ್ರೆ ನೋವಾಗಲ್ವಾ ಮೇಡಂ?”

“ಚರ್ಮಕ್ಕೆ ಮರಗಟ್ಟೋ ಮದ್ದು ಕೊಡ್ತೀವಿ. ಮೆದುಳಿಗೆ ನೋವಿಲ್ಲ. ಇಡೀ ಮೈ ನೋವು ತಿಳಿಯೋದು ಅದರಿಂದ್ಲೇ. ಆದ್ರೆ ಅದನ್ನೇ ಮುಟ್ಟಿದ್ರೆ ಅದಕ್ಕೆ ಗೊತ್ತಾಗಲ್ಲ.”

ಉಳಿದರ್ಧವನ್ನೂ ಬೋಳಿಸಿ, ಹಸಿರು ನಿಲುವಂಗಿ ತೊಟ್ಟು, ರೇಡಿಯೋ ಥಿಯೇಟರಿನಲ್ಲಿ ಮೇಷ್ಟರ ಮುಖದ ಎದುರು ಕೂತ. ಮೇಷ್ಟರ ಹಣೆಯ ಮೇಲೆ ಅಡ್ಡವಾಗಿ ಹಸಿರು ಪರದೆ, ಆಚೆ ಡಾಕ್ಟರಮ್ಮ.

“ಮೇಷ್ಟ್ರೇ, ಭೂಮಿ ಯಾವ ಕಡೆಗೆ ತಿರುಗುತ್ತೆ?”

“ಪಶ್ಚಿಮದಿಂದ ಪೂರ್ವಕ್ಕೆ.”

“ಹಂಗೆ ತಿರುಗಿದ್ರೆ ನಮಗ್ಯಾಕೆ ತಲೆ ತಿರುಗಲ್ಲ?”

“ನಿನಗೆ ತಿರುಗಿದೆ ಕಣಯ್ಯಾ! ಇನ್ನೊಂದ್ಸಲ ಕೇಳಿಸ್ಕೋ. ಪಶ್ಚಿಮದಿಂದ ಪೂರ್…”

ಮಾತು ಅಲ್ಲೇ ನಿಂತಿತು. ಡಾಕ್ಟರಮ್ಮ ಮೆದುಳಿಗೆ ತಾಗಿಸಿದ್ದ, ಸಣ್ಣಗೆ ಕರೆಂಟು ಹರಿಯುವ ತೆಳ್ಳನೆಯ ಕಡ್ಡಿಯನ್ನು ಮೇಲೆತ್ತಿದರು.

“…ವಕ್ಕೆ,” ಎಂದು ಮೇಷ್ಟರು ಮುಗಿಸಿದರು.

“ಮಾತು ಇಲ್ಲಿದೆ,” ಎಂದು ಡಾಕ್ಟರಮ್ಮ ಆ ಜಾಗದ ಮೇಲೆ ಅಂಕಿ ಬರೆದ ಪುಟ್ಟ ಚೀಟಿ ಇಟ್ಟರು.

ಎಲ್ಲಿದೆ? ರೇಡಿಯೋ ಕತ್ತೆತ್ತಿದ. ಗೋಡೆಯ ಟಿವಿಯಲ್ಲಿ ಮೇಷ್ಟರ ಮೆದುಳು ಕಂಡಿತು. ತಿಳಿಗುಲಾಬಿ ಬಣ್ಣದ ಮಡಿಕೆಗಳು, ಮೇಲೆ ನೂಲಿನಂಥ ಕೆಂಪು ನಾಳಗಳು. ಎದೆ ಬಡಿದ ಹಾಗೆಲ್ಲ ಅದು ಮೆಲ್ಲನೆ ಏರಿ ಇಳಿಯುತ್ತಿತ್ತು. ಒಂದು ಬೊಗಸೆಯಲ್ಲಿ ಹಿಡಿಯುವಷ್ಟು ಅಷ್ಟೇ! ಇಷ್ಟರೊಳಗೆ ಏಳು ಸಮುದ್ರಗಳು, ನಲವತ್ತು ವರ್ಷದ ಮಕ್ಕಳ ಹಾಜರಿ, ಸತ್ತುಹೋದ ಅಮ್ಮನ ದನಿ, ಕಿಟಕಿ, ಕನ್ನಡಕ. ಚೀಟಿ ಇಟ್ಟ ಆ ಕಾಳಿನಷ್ಟು ಜಾಗದಲ್ಲಿ ‘ಪೂರ್ವ’ ಎಂಬ ಮಾತು ಕಾದು ನಿಂತಿತ್ತು. ತನ್ನ ತಲೆಯಲ್ಲೂ ಇಂಥದೊಂದು ಇದೆ, ಈಗ ಇದನ್ನು ನೋಡುತ್ತಿರುವುದೂ ಅದೇ. ಅವನ ಮೈಯೆಲ್ಲ ಜುಮ್ಮೆಂದಿತು, ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವನ ನಾಲಿಗೆಗೆ ಒಂದು ಮಾತೂ ಸಿಗಲಿಲ್ಲ.

ಥಿಯೇಟರ್ ನಿಶ್ಶಬ್ದವಾಯಿತು. ಡಾಕ್ಟರಮ್ಮ ಚಟಕ್ಕನೆ ಕೈ ತೆಗೆದರು.

“ಮಾತು ನಿಂತಿತು! ಮೇಷ್ಟ್ರೇ? ಕೇಳಿಸ್ತಿದ್ಯಾ?”

ಕಡ್ಡಿ ಮೇಲಿದ್ದರೂ ಮಾತು ಬರಲಿಲ್ಲ.

“ನನಗೇನೂ ಆಗಿಲ್ಲ ಡಾಕ್ಟ್ರೇ,” ಎಂದಿತು ಹಸಿರು ಪರದೆಯ ಅಡಿಯಿಂದ ನಿಧಾನವಾದ ದನಿ. “ಇವನು ಪ್ರಶ್ನೆ ಕೇಳಲಿ ಅಂತ ಕಾಯ್ತಿದ್ದೆ. ಇವನ ಮಾತು ಹೋಗಿದೆ. ಸ್ವಲ್ಪ ನೋಡಿ.”

ಡಾಕ್ಟರಮ್ಮ ನಕ್ಕು ಉಳಿದ ಪ್ರಶ್ನೆಗಳನ್ನು ತಾವೇ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಗೆಡ್ಡೆ ಹೊರಗೆ ಬಂತು. ಸಂಜೆ ಮೇಷ್ಟರು, “ನನ್ನ ಕನ್ನಡಕ ಕೊಡಿ, ಆ ಪುಣ್ಯಾತ್ಮ ನನ್ನ ತಲೆ ಏನು ಮಾಡಿದಾನೆ ನೋಡ್ಬೇಕು,” ಎಂದರು. ಕನ್ನಡಕ ಎಂದದ್ದಕ್ಕೆ ವಾರ್ಡೇ ಕಣ್ಣೊರೆಸಿಕೊಂಡಿತು.

ದೊಡ್ಡ ಸಿಸ್ಟರ್ ಕಾರಿಡಾರಿನಲ್ಲಿ ಕಂಬದಂತೆ ನಿಂತಿದ್ದ ರೇಡಿಯೋನ ಹತ್ತಿರ ಬಂದರು. “ಮಾತಾಡು ಅಂತ ಡಾಕ್ಟರೇ ಹೇಳಿದ್ರೂ ಮಾತಾಡದ ಕ್ಷೌರಿಕನ್ನ ನಾನು ಕಂಡಿರಲಿಲ್ಲ. ಕೆಲಸ ನಿಮ್ಮದೇ. ನಾಳೆ ಬಂದು ನೇಮಕದ ಪತ್ರ ತಗೊಳ್ಳಿ.”

ರೇಡಿಯೋ ಕೈಮುಗಿದು ಮೌನವಾಗಿ ಮನೆಗೆ ಹೋದ. ಬಾಗಿಲಲ್ಲಿ ಹೆಂಡತಿ, “ಏನಾಯ್ತು ರೀ?” ಎಂದಳು. ಅವನು ಅವಳ ತಲೆಯನ್ನೇ ಬೆರಗಿನಿಂದ ನೋಡಿದ. “ಕೆಲಸ ಸಿಕ್ತಾ?” ತಲೆ ಸವರಿದ. ಎರಡು ನಿಮಿಷ ಮಾತೇ ಇಲ್ಲ. ಅವಳು ಕಿಟಾರನೆ ಕಿರುಚಿದಳು. ಪಕ್ಕದ ಮನೆ ಟೈಲರ್ ಓಡಿಬಂದು ಒಂದೇ ನೋಟಕ್ಕೆ, “ಇದು ಲಕ್ವ,” ಎಂದ. ಇನ್ನೊಬ್ಬರು ಎತ್ತಲು ಕಾಲು ಹಿಡಿದರು. ಅವನು ಬೇಡ ಬೇಡವೆಂದು ಕೈಯಾಡಿಸಿದ್ದನ್ನು ಕಂಡು, “ನೋಡಿ, ಕೈಯೂ ಎಳೀತಿದೆ,” ಎಂದು ಗಾಡಿಗೆ ತುಂಬಿದರು.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಎದುರಾದವರು ದೊಡ್ಡ ಸಿಸ್ಟರೇ.

“ಕಾಪಾಡಿ ಸಿಸ್ಟರ್!” ಹೆಂಡತಿ ಗೋಳೋ ಎಂದು ಅತ್ತಳು. “ಎದ್ದಾಗಿಂದ ಮಲಗೋ ತನಕ ಬಾಯಿ ಮುಚ್ಚದ ಮನುಷ್ಯ! ನಿದ್ದೇಲೂ ಮಾತಾಡ್ತಾರೆ! ಊರೆಲ್ಲ ರೇಡಿಯೋ ಅಂತ ಕರೀತಾರೆ!”

ಸಿಸ್ಟರ್ ಹುಬ್ಬು ಮೇಲೇರಿತು. ಆದರೂ ಪದ್ಧತಿ ಬಿಡಲಿಲ್ಲ. “ನಗಿ.” ರೇಡಿಯೋ ನಕ್ಕ. “ಎರಡೂ ಕೈ ಎತ್ತಿ.” ಎತ್ತಿದ. “ಈಗ ಒಂದು ವಾಕ್ಯ ಹೇಳಿ. ಒಂದೇ ಒಂದು.”

ರೇಡಿಯೋ ಹೆಂಡತಿಯ ಅಳು ನೋಡಿದ, ಎತ್ತಿದ ಬಲಗೈ ನೋಡಿದ. ಬೆಳಗಿನಿಂದ ಒಳಗೆ ತುಂಬಿದ್ದದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

“ಸಿಸ್ಟರ್, ಈ ಕೈನ ಎತ್ತಿದ್ದು ಎಡ ಮೆದುಳು, ಆ ಕೈನ ಎತ್ತಿದ್ದು ಬಲ ಮೆದುಳು, ಅದು ಒಂದು ಬೊಗಸೆಯಷ್ಟೇ ಇದೆ, ಆದ್ರೆ ಏಳು ಸಮುದ್ರ ಹಿಡಿಸುತ್ತೆ, ಎದೆ ಬಡಿದ ಹಾಗೆ ಅದೂ ಮಿಡಿಯುತ್ತೆ, ಮತ್ತೆ ಅದರಲ್ಲಿ ಒಂದು ಕಾಳಿನಷ್ಟು ಜಾಗ ಇದೆ, ಅಲ್ಲಿ ಮುಟ್ಟಿದ್ರೆ…”

“ಮಾತು ಬಂತು!” ಎಂದು ಹೆಂಡತಿ ಕುಣಿದಾಡಿದಳು.

ಮರುದಿನ ಬೆಳಿಗ್ಗೆಗೆ ಆಪರೇಷನ್ ನಿಗದಿಯಾಗಿದ್ದ ಇಬ್ಬರು ಪೇಷಂಟುಗಳು ವಾರ್ಡಿನಿಂದ ಎದ್ದು ಬಂದು ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳತೊಡಗಿದರು. ಕಡ್ಡಿಯ ವಿಷಯ ಬಂದಾಗ ಒಬ್ಬ ಚಪ್ಪಲಿ ಹಾಕಿಕೊಂಡ. ಚರ್ಮ ಬಿಡಿಸುವ ವಿಷಯ ಬಂದಾಗ ಇಬ್ಬರೂ ಗೇಟು ದಾಟಿದ್ದರು.

ಸಿಸ್ಟರ್ ಒಳಗೆ ಹೋಗಿ ಮೇಜಿನ ಮೇಲೆ ನಾಳೆಗೆಂದು ಇಟ್ಟಿದ್ದ ನೇಮಕದ ಪತ್ರವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ವಾಕ್ಯ ಇನ್ನೂ ಮುಗಿದಿರಲಿಲ್ಲ.