ಕಾಗೆ ಎಂಜಲಿನ ವಿಚಾರಣೆ

ಕೇಳಿದ್ದನ್ನೆಲ್ಲ ನಂಬಬಾರದೆಂಬುದು ನಾನು ಬಾಳಿನುದ್ದಕ್ಕೂ ಬಿಡದೆ ಪಾಲಿಸಿದ ಏಕೈಕ ವ್ರತ. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು, ಉಳಿದ ವಿದ್ಯೆಯನ್ನು ವಾಚನಾಲಯದ ಬೆಂಚಿನ ಮೇಲೆ ಸಂಪಾದಿಸಿದೆ. ಹಾಗೆ ಸಂಪಾದಿಸಿದ ವಿದ್ಯೆಗೆ ಒಂದು ದೋಷವಿದೆ: ಯಾರಾದರೂ ಕೇಳುವವರೆಗೆ ಕಾಯುವ ತಾಳ್ಮೆ ಅದಕ್ಕಿರುವುದಿಲ್ಲ. ಊರ ಶಾಸನಕ್ಕೆ ಅರ್ಚಕರು ಹೇಳುವ ಅರ್ಥವನ್ನಾಗಲಿ, ತ್ಯಾವರೆಕೊಪ್ಪದ ಮೃಗಾಲಯದ ಸಿಂಹದ ವಯಸ್ಸಿನ ಬಗ್ಗೆ ಪಕ್ಕದಲ್ಲಿ ನಿಂತವರು ಹೇಳುವ ಮಾತನ್ನಾಗಲಿ ನಾನು ಒಪ್ಪಿದವನಲ್ಲ. ನೀರು ಒದ್ದೆ ಎಂದರೂ ಇವರು ಮುಟ್ಟಿ ನೋಡಬೇಕು ಎನ್ನುತ್ತಾಳೆ ನನ್ನ ಹೆಂಡತಿ.

ತೊಂಬತ್ತಾರನೆಯ ಇಸವಿಯಲ್ಲಿ ನಿವೃತ್ತನಾಗಿ ಶಿವಮೊಗ್ಗದ ಆಲ್ಕೊಳದಲ್ಲಿದ್ದ ಮಗನ ಮನೆಗೆ ಬಂದಾಗ ಮೊಮ್ಮಗಳು ಶ್ರುತಿ ಒಂದನೆಯ ತರಗತಿಯಲ್ಲಿದ್ದಳು. ಮಾತು ಕಡಿಮೆ; ಇಡೀ ಶಾಲೆಗೆ ಅವಳಿಗಿದ್ದ ಗೆಳತಿ ಪಕ್ಕದ ಮನೆಯ ಸೆಲ್ವಿ ಒಬ್ಬಳೇ. ಸೆಲ್ವಿ ಕೈ ಹಿಡಿದರೆ ಮಾತ್ರ ಶಾಲೆಯ ಆಟೋ ಹತ್ತುತ್ತಿದ್ದಳು. ಒಳ್ಳೆಯ ಗೆಳತಿಯಾದವಳು ಹಂಚಿ ತಿನ್ನಬೇಕೆಂದು ಟೀಚರು ಹೇಳಿಕೊಟ್ಟಿದ್ದರಂತೆ. ಒಂದು ಸಂಜೆ ನಾನು ಗಾಂಧಿ ಬಜಾರಿನಿಂದ ತಂದ ಬೆಲ್ಲದ ಕಮ್ಮರಕಟ್ಟಿಗೆ ಶ್ರುತಿ ತನ್ನ ಲಂಗದ ಅಂಚು ಸುತ್ತಿ, ಬಟ್ಟೆಯ ಮೇಲಿಂದ ಕಟಕ್ಕನೆ ಕಚ್ಚಿ, ಅರ್ಧವನ್ನು ಸೆಲ್ವಿಯ ಅಂಗೈಗೆ ಹಾಕಿದಳು. ಇದೇ ಕಾಗೆ ಎಂಜಲು. ಬಟ್ಟೆ ಅಡ್ಡವಿದ್ದರೆ ಎಂಜಲು ತಗಲದೆಂಬುದು ಮಕ್ಕಳ ಲೋಕದಲ್ಲಿ ತಲೆಮಾರುಗಳಿಂದ ಯಾರೂ ಪ್ರಶ್ನಿಸದೆ ನಡೆದು ಬಂದ ಶಾಸ್ತ್ರ.

ಯಾರೂ ಪ್ರಶ್ನಿಸಿಲ್ಲವೆಂಬುದೇ ನನಗೆ ಸಾಕಾಯಿತು. ಸ್ನೇಹಕ್ಕೆ ಸತ್ಯವೇ ತಳಹದಿ, ಗೆಳತಿಯ ಎಂಜಲಿಗೆ ಹೇಸಬಾರದು ಎಂದು ಬೋಧಿಸುವುದು ನನ್ನ ಉದ್ದೇಶ. ಪೀಠಿಕೆಯಾಗಿ ಲೋಟದ ಬಾಯಿಗೆ ಕರವಸ್ತ್ರ ಹಾಸಿ ನೀರು ಸುರಿದೆ. ನೀರು ಸರಾಗವಾಗಿ ಇಳಿಯಿತು. ನೀರು ಹೋಗುವ ದಾರಿಯಲ್ಲಿ ಎಂಜಲೂ ಹೋಗುತ್ತದೆ ಎಂದು ವಿವರಿಸಿದೆ. ಪೀಠಿಕೆ ಮುಗಿದು ಬೋಧನೆ ಶುರುವಾಗುವ ಮೊದಲೇ ಸೆಲ್ವಿ ಬಾಯಲ್ಲಿದ್ದುದನ್ನು ಉಗುಳಿದಳು.

"ಹಂಗಾದ್ರೆ ಇಷ್ಟು ದಿನ ನಂಗೆ ಎಂಜಲು ತಿನ್ಸಿದ್ಯೇನೇ?"

ಶ್ರುತಿಗೆ ಕಿರುಬೆರಳು ತೋರಿಸಿ, ಠೂ ಬಿಟ್ಟು ಹೊರಟೇ ಹೋದಳು.

ಮಾರನೆಯ ಬೆಳಿಗ್ಗೆ ಶ್ರುತಿ ಆಟೋ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಸೊಸೆ ಇಡ್ಲಿಯನ್ನು ತುಸು ಎತ್ತರದಿಂದ ನನ್ನ ತಟ್ಟೆಗೆ ಹಾಕಿದಳು, ಅಷ್ಟೆ. ಹೆಂಡತಿ ಮಾತ್ರ, "ಇದ್ದಿದ್ದೇ ಒಬ್ಬಳು ಮಾರಾಯ್ರೇ, ಅವಳನ್ನೂ ಓಡಿಸಿದ್ರಿ" ಎಂದಳು.

ಮೂರನೆಯ ದಿನ ಬೆಳಿಗ್ಗೆ, ಯೂನಿಫಾರ್ಮು ತೊಟ್ಟು ಅಳುತ್ತಿದ್ದ ಶ್ರುತಿಯನ್ನು ಕರೆದುಕೊಂಡು ಸೆಲ್ವಿಯ ಮನೆಗೆ ಹೋದೆ. ಗಿಳಿ ಕಚ್ಚಿದ ಹಣ್ಣನ್ನು ನಾವು ತಿನ್ನುವುದಿಲ್ಲವೇ ಎಂಬಲ್ಲಿಂದ ಆರಂಭಿಸಿ ಹತ್ತು ನಿಮಿಷ ವಾದ ಮಂಡಿಸಿದೆ. ಸೆಲ್ವಿಯ ತಾಯಿ ನಗು ತಡೆಯಲಾರದೆ ಒಳಗೆ ಹೋದರು. ಸೆಲ್ವಿ ಎಲ್ಲವನ್ನೂ ಕೇಳಿಸಿಕೊಂಡು, ತನ್ನ ಡಬ್ಬಿಯಿಂದ ಒಂದು ಕಮ್ಮರಕಟ್ಟು ತೆಗೆದು, ಕಚ್ಚು ಎನ್ನುವಂತೆ ಶ್ರುತಿಯ ಮುಂದೆ ಚಾಚಿದಳು. ಶ್ರುತಿ ಲಂಗದ ಅಂಚು ಸುತ್ತಿ ಕಚ್ಚಿದಳು. ಅರ್ಧ ತುಂಡನ್ನು ಸೆಲ್ವಿ ನನ್ನ ಅಂಗೈಗೆ ಹಾಕಿದಳು.

"ತಾತ, ನೀವು ತಿಂದು ಹೇಳಿ. ಎಂಜಲಾ, ಅಲ್ವಾ?"

ತಿಂದೆ. ಯೂನಿಫಾರ್ಮಿಗೆ ಮೆತ್ತಿದ್ದ ಬಳಪದ ಪುಡಿಯ ರುಚಿ. ಒಂದು ಮೂಲೆ ನಿಸ್ಸಂದೇಹವಾಗಿ ಒದ್ದೆ. ಸಾಕ್ಷ್ಯ ನನ್ನ ನಾಲಿಗೆಯ ಮೇಲೆಯೇ ಇತ್ತು. ಶ್ರುತಿ ಅಳು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಅಲ್ಲ" ಎಂದೆ.

"ಮತ್ತೆ ಅವತ್ತು ಹೌದು ಅಂದ್ರಿ?"

"ಅವತ್ತು ನಂದೇ ತಪ್ಪು ಕಣಮ್ಮ."

ಸೆಲ್ವಿ ಸ್ವಲ್ಪ ಯೋಚಿಸಿ, ಶ್ರುತಿಯ ಮುಂದೆ ಎರಡು ಬೆರಳು ಚಾಚಿದಳು. ರಾಜಿಯಾಯಿತು. ಹೊರಗೆ ಆಟೋದ ಹಾರನ್ ಕೇಳಿಸಿತು.

ಮನೆಗೆ ಬಂದು, ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ ಸಂಗತಿಯನ್ನು ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ, ಸಾಕ್ಷಿ ಯಾರಿದ್ದಾರೆ ಎಂದು ಕೇಳಿದಳು. ಇದ್ದ ಇಬ್ಬರು ಸಾಕ್ಷಿಗಳೂ ಆಗಲೇ ಕೈ ಕೈ ಹಿಡಿದು ಆಟೋ ಹತ್ತಿ ಹೋಗಿದ್ದರು.